ಸರ್ ಫ್ರಾನ್ಸಿಸ್ ಗಾಲ್ಟನ್

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ನಮ್ಮಲ್ಲಿಯ ಒಂದು ಗಾದೆ. ಸಹವಾಸದಿಂದ ಸಂನ್ಯಾಸಿ ಕೆಟ್ಟನೆಂಬುದು ಇನ್ನೊಂದು. ಇವುಗಳಲ್ಲಿ ಯಾವುದು ದಿಟ? ಈ ಪ್ರಶ್ನೆಗೆ ಅವಳಿ ಮಕ್ಕಳಿಂದ ಉತ್ತರ ಪಡೆಯಲು ಯತ್ನಿಸಿದವರಲ್ಲಿ ಇಂಗ್ಲೆಂಡಿನ ಸರ್ ಫ್ರಾನ್ಸಿಸ್ ಗಾಲ್ಟನ್ನನು ಮೊದಲಿಗನು. ಆತನು ಕಂಡ ಸತ್ಯದಿಂದಲೂ ಎಡವಿದ ರೀತಿಯಿಂದಲೂ ವಿದ್ಯಾರ್ಥಿಗಳು ಕಲಿಯತಕ್ಕದ್ದು ಬಹಳವಿದೆ.

ಗಾಲ್ಟನ್ನನು 1822ನೆಯ ಇಸವಿ ಫೆಬ್ರವರಿ 16ರಂದು ಬರ್ಮಿಂಗ್‌ಹ್ಯಾಂ ನಗರದ ಬಳಿ ಸಿರಿವಂತರ ಮನೆಯಲ್ಲಿ ಜನಿಸಿದನು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನೂ ಈತನೂ ಇರಾಸ್ಮಸ್ ಡಾರ್ವಿನ್ನನ ಮೊಮ್ಮಕ್ಕಳು. ಮನೆಯಲ್ಲಿ ಈತನೇ ಕಿರಿಯನು. ಬೆನ್ನುಮೂಳೆಯ ಬೇನೆಯಿಂದ ಹಾಸಿಗೆ ಹಿಡಿದಿದ್ದ ಅಕ್ಕ ಅಡೀಲಳು ತಮ್ಮನಿಗೆ ಅಕ್ಕರೆಯಿಂದ ಅಕ್ಷರ ಕಲಿಸಿದಳು. ಐದು ವರ್ಷ ತುಂಬುವ ಮೊದಲೇ ಬಾಲಕನು ಇಂಗ್ಲಿಷ್ ಪುಸ್ತಕಗಳನ್ನು ಓದಬಲ್ಲವನಾದನು.

ಮುಂದೆ ಆತನು ವೈದ್ಯಶಾಸ್ತ್ರವನ್ನೂ ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಅಭ್ಯಾಸ ಮಾಡಿದನು. 1844ರಲ್ಲಿ ತಂದೆ ತೀರಿಕೊಂಡಾಗ ಹೇರಳವಾದ ಆಸ್ತಿ ಕೈಸೇರಿತು. ಉದರಂಭರಣದ ಚಿಂತೆ ಉಳಿಯಲಿಲ್ಲ. 1850ರಿಂದ 1852ರ ವರೆಗೆ ನೈಋತ್ಯ ಆಫ್ರಿಕೆಯಲ್ಲಿ ಸಂಚರಿಸಿ, ಭೂಗೋಳ ಸಂಘದ ಚಿನ್ನದ ಪದಕವನ್ನು ಪಡೆದನು.

1859ರಲ್ಲಿ ಪ್ರಕಟವಾದ ಡಾರ್ವಿನ್ನನ ಗ್ರಂಥವು ಗಾಲ್ಟನ್ನನ ಮನಸ್ಸನ್ನು ಆನುವಂಶಿಕತೆಯ ಕಡೆಗೆ ತಿರುಗಿಸಿತು. 1875ರಲ್ಲಿ ಆತನು ಅವಳಿಗಳ ವಿಷಯವಾಗಿ ಒಂದು ಲೇಖನವನ್ನು ಬರೆದನು. ಅವಳಿಗಳಿಗೂ ಅವರ ಬಂಧುಗಳಿಗೂ ಪ್ರಶ್ನಾವಳಿ ಕಳುಹಿಸಿ ವಿವರಗಳನ್ನು ತರಿಸಿಕೊಂಡಿದ್ದನು. ಬಾಲ್ಯದಲ್ಲಿ ಒಬ್ಬರನ್ನೊಬ್ಬರು ಬಹಳ ಹೋಲುತ್ತಿದ್ದವರಲ್ಲಿ ಹಲವರು ದೊಡ್ಡವರಾದ ಮೇಲೆಯೂ ಹಾಗೆಯೇ ಉಳಿದಿದ್ದರು. ಹುಟ್ಟಿನಿಂದಲೇ ಬೇರೆ ಬೇರೆಯಾಗಿದ್ದ ಅವಳಿಗಳು ಒಂದೇ ಮನೆಯಲ್ಲಿ ಬೆಳೆದರೂ ಒಂದೇ ತೆರನಾಗಲಿಲ್ಲ. ಆದುದರಿಂದ ಪೋಷಣೆಗಿಂತ ಹುಟ್ಟೇ ಬಲವಾದುದೆಂದು ಗಾಲ್ಟನ್ನನು ತೀರ್ಮಾನಿಸಿದನು.

ಆದರೆ ಆತನ ಕೈಯಲ್ಲಿದ್ದ ಪತ್ರಗಳೇ ಇನ್ನೊಂದು ಮಾತನ್ನೂ ಹೇಳುತ್ತಿದ್ದವು. ಬಹಳ ಹೋಲುತ್ತಿದ್ದ ಕೆಲವು ಅವಳಿಗಳು ಕ್ರಮೇಣ ಭಿನ್ನರಾಗಿದ್ದರು. ಒಬ್ಬರಿಗೆ ಬಂದ ಕಠಿಣವಾದ ಜ್ವರವೋ ಬೇರೆ ಕಾಯಿಲೆಯೋ ಅದಕ್ಕೆ ಕಾರಣವೆಂದು ಬಂಧುಗಳು ತಿಳಿಸಿದ್ದರು. ಕಾಯಿಲೆಯೂ ಪರಿಸರದ ಕೊಡುಗೆಯಲ್ಲವೆ?

ಈಗ ವಿಜ್ಞಾನವು ಈ ವಿಷಯವನ್ನು ಸ್ಪಷ್ಟಪಡಿಸಿದೆ. ಒಂದೇ ಫಲಿತ ಅಂಡವು ಎರಡಾಗಿ ಸೀಳಿ ಹುಟ್ಟಿದವರು ಏಕರೂಪದ ಅವಳಿಗಳು. ಅವರ ಜೀನುಗಳು, ಅಂದರೆ ವಂಶವಾಹಿಗಳು, ಬಹುಮಟ್ಟಿಗೆ ಒಂದೇ. ಕಣ್ಣಿನ ಬಣ್ಣದಲ್ಲಿಯೂ ಮುಖದ ಆಕಾರದಲ್ಲಿಯೂ ಅವರು ಹೋಲುತ್ತಾರೆ. ಆದರೆ ಒಬ್ಬನಿಗೆ ಹೊಟ್ಟೆ ತುಂಬ ಪುಷ್ಟಿಕರವಾದ ಆಹಾರ ದೊರೆತು ಇನ್ನೊಬ್ಬನಿಗೆ ದೊರೆಯದಿದ್ದರೆ ಎತ್ತರದಲ್ಲಿಯೂ ತೂಕದಲ್ಲಿಯೂ ವ್ಯತ್ಯಾಸ ತೋರುತ್ತದೆ. ಎಷ್ಟು ಬೆಳೆಯಬಹುದೆಂಬುದಕ್ಕೆ ಜೀನು ಒಂದು ಮಿತಿ ಹಾಕುತ್ತದೆ. ಆ ಮಿತಿಯನ್ನು ಮುಟ್ಟುವುದು ಆಹಾರ ಆರೋಗ್ಯಗಳನ್ನು ಅವಲಂಬಿಸಿದೆ.

ಇದಕ್ಕೆ ಸೊಗಸಾದ ಸಾಕ್ಷಿ ಬೆರಳಚ್ಚು. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ಲನು 1858ರಲ್ಲಿ ಕರಾರುಪತ್ರಕ್ಕೆ ಅಂಗೈಯ ಅಚ್ಚನ್ನು ಹಾಕಿಸಿಕೊಂಡು, ಮುಂದೆ ಬೆರಳಚ್ಚುಗಳನ್ನು ಸಂಗ್ರಹಿಸಿದ್ದನು. ಗಾಲ್ಟನ್ನನು ಆ ಸಂಗ್ರಹವನ್ನೂ ಬಳಸಿಕೊಂಡು 1892ರಲ್ಲಿ ಬೆರಳಚ್ಚಿನ ಮೇಲೆ ಗ್ರಂಥ ಬರೆದನು. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲಿಯೇ ಮೂಡುತ್ತವೆ. ಅವುಗಳ ಸ್ಥೂಲ ವಿನ್ಯಾಸದಲ್ಲಿ ಜೀನುಗಳ ಪಾತ್ರವಿದೆ; ಗರ್ಭದಲ್ಲಿ ಶಿಶುವಿನ ಸ್ಥಾನ, ಬೆಳವಣಿಗೆಯ ವೇಗ ಮುಂತಾದವು ಸೂಕ್ಷ್ಮ ವಿವರಗಳನ್ನು ತಿದ್ದುತ್ತವೆ. ಆದಕಾರಣ ಏಕರೂಪದ ಅವಳಿಗಳ ಬೆರಳಚ್ಚುಗಳೂ ಪೂರ್ತಿ ಒಂದೇ ಆಗಿರುವುದಿಲ್ಲ. ಹುಟ್ಟುವುದಕ್ಕೆ ಮೊದಲೇ ಪರಿಸರದ ಕೈವಾಡ ಆರಂಭವಾಗಿರುತ್ತದೆ!

ಗಾಲ್ಟನ್ನನ ತಪ್ಪು ಕೇವಲ ಲೆಕ್ಕದ ತಪ್ಪಾಗಿ ಉಳಿಯಲಿಲ್ಲ. ಉತ್ತಮ ವಂಶದವರು ಹೆಚ್ಚಬೇಕು, ಉಳಿದವರು ಕಡಿಮೆಯಾಗಬೇಕೆಂಬ ವಾದಕ್ಕೆ ಆತನು 1883ರಲ್ಲಿ ಯುಜೆನಿಕ್ಸ್ ಎಂದು ಹೆಸರಿಟ್ಟನು. 1909ರಲ್ಲಿ ಸರ್ ಪದವಿ ಪಡೆದು, 1911ರ ಜನವರಿ 17ರಂದು ಮಕ್ಕಳಿಲ್ಲದೆಯೇ ತೀರಿಕೊಂಡನು. ಆತನ ವಾದವು ಬೇರೆಯವರ ಕೈಯಲ್ಲಿ ಬೆಳೆಯಿತು. 1933ರ ಕಾಯಿದೆಯಿಂದ ಜರ್ಮನಿಯಲ್ಲಿ ಸುಮಾರು 4 ಲಕ್ಷ ಜನರಿಗೆ ಮಕ್ಕಳಾಗದಂತೆ ಬಲವಂತದಿಂದ ಚಿಕಿತ್ಸೆ ಮಾಡಲಾಯಿತು. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಉಪನ್ಯಾಸ ಮಂದಿರದಿಂದ ಗಾಲ್ಟನ್ನನ ಹೆಸರನ್ನು ತೆಗೆದುಹಾಕಿತು.

ವಿದ್ಯಾರ್ಥಿಗಳೇ, ಒಬ್ಬ ಹುಡುಗನು ಸೊರಗಿದ್ದರೆ, ಪಾಠದಲ್ಲಿ ಹಿಂದೆ ಬಿದ್ದರೆ, ಅವರ ವಂಶವೇ ಹಾಗೆಂದು ಹೇಳಿಬಿಡುವುದು ಸುಲಭ. ಉಪಾಧ್ಯಾಯನಾದ ನಾನೂ ಒಮ್ಮೊಮ್ಮೆ ಹಾಗೆ ಅಂದುಕೊಂಡದ್ದುಂಟು. ಆ ಹುಡುಗನು ಬೆಳಿಗ್ಗೆ ಉಂಡು ಬಂದಿದ್ದಾನೆಯೇ, ಈ ನಗರದ ಒಂದೇ ಕೋಣೆಯ ಮನೆಯಲ್ಲಿ ಅವನಿಗೆ ಓದಲು ಸ್ಥಳವಿದೆಯೇ ಎಂದು ಮೊದಲು ಕೇಳಬೇಕಾಗಿತ್ತು. ಗಾಲ್ಟನ್ನನ ಬುದ್ಧಿ ಹುಟ್ಟಿನಿಂದ ಬಂದಿರಬಹುದು. ಆದರೆ ಅವನಿಗೆ ಅಕ್ಷರ ಕಲಿಸಿದ್ದು ಹಾಸಿಗೆ ಹಿಡಿದ ಅಕ್ಕ. ವಂಶಗಳ ಲೆಕ್ಕ ಬರೆಯುವಾಗ ಆತನು ಅವಳ ಪಾಲನ್ನು ಸಾಕಷ್ಟು ಎಣಿಸಲಿಲ್ಲ. ನಾವಾದರೂ ಅದನ್ನು ಮರೆಯದಿರೋಣ.