ಒಂದೇ ಕೋಣೆಯ ಮೂವರು

ಓದಿಗಾಗಿ ಊರು ಬಿಟ್ಟು ಹಾಸ್ಟೆಲ್ ಸೇರಿದಾಗ ನಮಗೆ ಭಾಷೆ ಹೊಸದು, ಊಟ ಹೊಸದು, ಕೋಣೆಯ ಜೊತೆಗಾರರೂ ಹೊಸಬರು. ಸಂತ ಫ್ರಾನ್ಸಿಸ್ ಝೇವಿಯರ್ ಅವರೂ ಇದನ್ನು ಕಂಡವರೇ.

1506ರಲ್ಲಿ ನವಾರ ನಾಡಿನ ಝೇವಿಯರ್ ಕೋಟೆಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಯುದ್ಧದಲ್ಲಿ ನಾಡು ಸೋತು, ಕೋಟೆಯ ಗೋಪುರಗಳೂ ನೆಲಕಚ್ಚಿದವು. 1525ರಲ್ಲಿ, 19ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಸಂತ ಬಾರ್ಬರಾ ಕಾಲೇಜು ಸೇರಿದರು. ಕೋಣೆಯಲ್ಲಿ ಜೊತೆಯಾದವರು ಕುರಿ ಕಾಯ್ದು ಬೆಳೆದ ಪೀಟರ್ ಫಾಬರ್.

1529ರಲ್ಲಿ ಮೂರನೆಯವರಾಗಿ ಲೊಯೋಲಾದ ಇಗ್ನೇಷಿಯಸ್ ಬಂದರು. ವಯಸ್ಸಿನಲ್ಲಿ ಹಿರಿಯರು, ಯುದ್ಧದ ಗಾಯದಿಂದ ಕುಂಟುತ್ತಿದ್ದವರು. ಅದೇ ಯುದ್ಧದಲ್ಲಿ ಫ್ರಾನ್ಸಿಸ್ ಅವರ ಅಣ್ಣಂದಿರು ಎದುರು ಪಕ್ಷದಲ್ಲಿದ್ದರು! ಫ್ರಾನ್ಸಿಸ್ ಮೊದಮೊದಲು ಅವರನ್ನು ಹಾಸ್ಯ ಮಾಡಿದರು. ಇಗ್ನೇಷಿಯಸ್ ಬೇಸರಿಸಲಿಲ್ಲ, ಫ್ರಾನ್ಸಿಸ್ ಪಾಠ ಹೇಳತೊಡಗಿದಾಗ ವಿದ್ಯಾರ್ಥಿಗಳನ್ನು ಕರೆತಂದರು, ಹಣದ ನೆರವನ್ನೂ ನೀಡಿದರು. ನಿಧಾನವಾಗಿ ಮನಸ್ಸು ಕರಗಿತು. 1534ರ ಆಗಸ್ಟ್ 15ರಂದು ಮೊಂಮಾರ್ತ್ ಗುಡ್ಡದಲ್ಲಿ ವ್ರತ ತೊಟ್ಟ ಏಳು ಗೆಳೆಯರಲ್ಲಿ ಈ ಮೂವರೂ ಇದ್ದರು. 1542ರಲ್ಲಿ ಫ್ರಾನ್ಸಿಸ್ ಗೋವಾಕ್ಕೆ ಬಂದರು.

ಈ ವರ್ಷ ಕಾಲೇಜಿಗೆ ಹೊರಟಿರುವ ತಮ್ಮ ತಂಗಿಯರೇ, ಮನಸ್ಸಿಗೆ ಹಿಡಿಸದ ಜೊತೆಗಾರರನ್ನು ಮೊದಲ ವಾರವೇ ದೂರ ಮಾಡದಿರೋಣ. ನಮಗಾಗಿ ದೇವರು ಕಳುಹಿಸಿದವರು ಅವರೇ ಇರಬಹುದು.