ಫ್ರಾನ್ಸ್‌ನಿಂದ ಬಂದ ದೊಡ್ಡಸ್ವಾಮಿ: ಕೊಂಗುನಾಡು, ಮೈಸೂರು ಸುತ್ತಿದ ದುಬ್ವಾ ಕಥೆ

ಕೊಯಮತ್ತೂರಿನಿಂದ ಅವಿನಾಶಿ ರಸ್ತೆ ಹಿಡಿದು ಹೊರಟವರಿಗೆ ಕರುಮತ್ತಂಪಟ್ಟಿ ಸಿಗುತ್ತದೆ. ಬಸ್ಸಿನಲ್ಲಿ ತಿರುಪ್ಪೂರಿಗೆ, ಈರೋಡಿಗೆ ಹೋಗುವವರು ಅಲ್ಲಿನ ಮಾತೆಯ ಚರ್ಚನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಟಿಪ್ಪು ಕಾಲದ ಯುದ್ಧಗಳಲ್ಲಿ ಹಾಳಾಗಿದ್ದ ಈ ಚರ್ಚನ್ನು 1800ರ ದಶಕದ ಆರಂಭದಲ್ಲಿ ಮತ್ತೆ ಎಬ್ಬಿಸಿದವರು ಯಾರು ಎಂದು ಊರಿನ ಹಿರಿಯ ಕ್ರೈಸ್ತರನ್ನು ಕೇಳಿದರೆ ಒಬ್ಬ ಫ್ರೆಂಚ್ ಪಾದ್ರಿಯ ಹೆಸರು ಬರುತ್ತದೆ. ಅವರೇ ಅಬ್ಬೆ ಜಾನ್ ಆಂತ್ವಾನ್ ದುಬ್ವಾ.

ಅಬ್ಬೆ ಎಂದ ಕೂಡಲೇ ಕನ್ನಡದವರಿಗೆ ತಾಯಿ ನೆನಪಾಗುತ್ತಾಳೆ. ಫ್ರೆಂಚಿನಲ್ಲಿ ಅದು ಪಾದ್ರಿಗಳಿಗೆ ಹೇಳುವ ಗೌರವದ ಮಾತು. ಹೆಸರನ್ನು ಕೆಲವು ಕನ್ನಡ ಪುಸ್ತಕಗಳಲ್ಲಿ ಇಂಗ್ಲಿಷ್ ಓದಿನಂತೆ ಡುಬಾಯ್ಸ್ ಎಂದು ಬರೆದದ್ದೂ ಉಂಟು. ಆದರೆ ಮೈಸೂರು ಸೀಮೆಯ ಹಳ್ಳಿಗರು ಈ ತೊಡಕಿಗೇ ಹೋಗಲಿಲ್ಲ. ಅವರು ಕರೆದದ್ದು ದೊಡ್ಡಸ್ವಾಮಿ ಎಂದು.

ದುಬ್ವಾ ಹುಟ್ಟಿದ್ದು 1760ರ ದಶಕದ ಮಧ್ಯದಲ್ಲಿ, ದಕ್ಷಿಣ ಫ್ರಾನ್ಸ್‌ನ ಆರ್ದೆಶ್ ಪ್ರಾಂತ್ಯದ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ. ಪಾದ್ರಿಯಾಗಿ ದೀಕ್ಷೆ ಪಡೆದದ್ದು 1792ರಲ್ಲಿ. ಪಾದ್ರಿಯಾಗಲು ಅದಕ್ಕಿಂತ ಕೆಟ್ಟ ವರ್ಷ ಫ್ರಾನ್ಸ್‌ನಲ್ಲಿ ಇರಲಿಲ್ಲ ಎನ್ನಬೇಕು. ಕ್ರಾಂತಿ ನಡೆದಿತ್ತು. ಚರ್ಚಿನ ಆಸ್ತಿ ಸರಕಾರದ ಪಾಲಾಗಿತ್ತು. ಕ್ರಾಂತಿ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳು ತಲೆಮರೆಸಿಕೊಂಡು ಓಡಾಡುತ್ತಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಜೈಲುಗಳಲ್ಲಿ ನೂರಾರು ಪಾದ್ರಿಗಳನ್ನು ಕೊಂದರು. ಅದೇ ತಿಂಗಳು ರಾಜಪ್ರಭುತ್ವವೂ ಹೋಯಿತು. ದುಬ್ವಾ ಪ್ಯಾರಿಸ್ ವಿದೇಶೀ ಮಿಷನ್ ಸಂಘ ಸೇರಿ ಅದೇ ವರ್ಷ ಹಡಗು ಹತ್ತಿ ಭಾರತದ ಕಡೆ ಹೊರಟರು.

ಬಂದು ಸೇರಿದ್ದು ಪುದುಚೇರಿ ಮಿಷನ್ನಿಗೆ. ಅಲ್ಲಿಯೂ ಯೂರೋಪಿನ ಜಗಳ ಬೆನ್ನು ಬಿಡಲಿಲ್ಲ. 1793ರಲ್ಲಿ ಬ್ರಿಟನ್, ಫ್ರಾನ್ಸ್ ನಡುವೆ ಯುದ್ಧ ಹತ್ತಿತು. ಅದೇ ವರ್ಷ ಇಂಗ್ಲಿಷರು ಪುದುಚೇರಿಯನ್ನು ಹಿಡಿದುಕೊಂಡರು. ಆಮೇಲೆ 1815ರವರೆಗೆ, ನಡುವೆ ಒಂದು ಸಣ್ಣ ಬಿಡುವು ಬಿಟ್ಟರೆ, ಎರಡೂ ದೇಶಗಳು ಬಡಿದಾಡುತ್ತಲೇ ಇದ್ದವು. ಅಷ್ಟೂ ಕಾಲ ದುಬ್ವಾ ಓಡಾಡಿದ್ದು ಇಂಗ್ಲಿಷರ ಕಂಪನಿ ಆಳುತ್ತಿದ್ದ ಅಥವಾ ಅದರ ಹಿಡಿತದಲ್ಲಿದ್ದ ನೆಲದಲ್ಲಿ. ಅಂದರೆ ಶತ್ರು ದೇಶದ ಪ್ರಜೆಯಾಗಿ. ಅವರ ಬದುಕಿನ ಮುಂದಿನ ಎಷ್ಟೋ ನಡೆಗಳು ಅರ್ಥವಾಗಬೇಕಾದರೆ ಈ ಸಂಗತಿ ನೆನಪಿನಲ್ಲಿರಬೇಕು.

ಅಂದಿನ ಗಡಿ ಇಂದಿನ ಗಡಿಯಲ್ಲ. ಕೊಂಗುನಾಡು ಹದಿನೇಳನೆಯ ಶತಮಾನದಿಂದಲೇ ಮೈಸೂರು ಅರಸರ ಕೈಗೆ ಬಂದು, 1799ರವರೆಗೆ ಬಹುಪಾಲು ಮೈಸೂರಿನ ಆಡಳಿತದಲ್ಲೇ ಇತ್ತು. ಸತ್ಯಮಂಗಲದಿಂದ ಗಜಲಹಟ್ಟಿ ಕಣಿವೆ ಹತ್ತಿದರೆ ಮೈಸೂರು ಸೀಮೆ, ಇಳಿದರೆ ಕೊಂಗು. ಸೈನ್ಯ, ಎತ್ತಿನ ಹೇರು, ನೇಕಾರರು, ಪಾದ್ರಿಗಳು ಎಲ್ಲರೂ ಅದೇ ದಾರಿಯಲ್ಲಿ ಹತ್ತಿ ಇಳಿದವರು. ಹಳೆಯ ಜೆಸ್ವಿಟ್ ಪಾದ್ರಿಗಳ ಲೆಕ್ಕದಲ್ಲಿಯೂ ಕರುಮತ್ತಂಪಟ್ಟಿ ಮೈಸೂರು ಮಿಷನ್ನಿಗೆ ಸೇರಿದ ಠಾಣೆಯಾಗಿತ್ತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಕಂಪನಿಗೆ ಹೋಯಿತು, ಮೈಸೂರು ಒಡೆಯರಿಗೆ ಮರಳಿತು. ಆದರೂ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿದಿತ್ತು ಎಂಬುದು ಗಡಿಭಾಗದ ಹಿರಿಯರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ದುಬ್ವಾ ಮೈಸೂರು ಸೀಮೆಗೆ ಹೋದರು. ಟಿಪ್ಪುವಿನ ಕಾಲದಲ್ಲಿ ಬಲವಂತವಾಗಿ ಮತ ಬಿಟ್ಟವರು, ಊರು ಬಿಟ್ಟವರು ಅನೇಕರಿದ್ದರು. ಉಪದೇಶ ಮಾಡಿ ಸುಮ್ಮನಾಗುವ ಪಾದ್ರಿ ಇವರಲ್ಲ. ಹೊಟ್ಟೆಗಿಲ್ಲದವರಿಗೆ ಮೊದಲು ನೆಲ ಬೇಕು ಎಂದು ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯದ ಒಕ್ಕಲನ್ನು ನೆಲೆಗೊಳಿಸಿದರು. ಉಡುಗೆ ಇಲ್ಲಿಯದು, ಊಟವೂ ಇಲ್ಲಿಯದೇ. ಮಾಂಸ ಬಿಟ್ಟರು. ತಮಿಳು, ಕನ್ನಡ, ತೆಲುಗು ಮೂರನ್ನೂ ಕಲಿತರು.

ಇಷ್ಟರಲ್ಲಿ ಸಿಡುಬಿನ ಲಸಿಕೆ ಬಂತು. ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ಹಸುವಿನ ಸಿಡುಬಿನ ಲಸಿಕೆ ಮುಂಬಯಿಗೆ ತಲುಪಿದ್ದು 1802ರಲ್ಲಿ. ಅಂದು ಶೀತಕದ ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಚುಚ್ಚಿ, ಎಂಟು ದಿನ ಬಿಟ್ಟು ಅವರಿಂದ ಮತ್ತೊಬ್ಬರಿಗೆ ಚುಚ್ಚುತ್ತಾ ಊರಿಂದೂರಿಗೆ ಸಾಗಿಸಬೇಕು. ನಡುವೆ ಸರಪಳಿ ಕಡಿದರೆ ಮತ್ತೆ ಮೊದಲಿನಿಂದ. ಇತ್ತ ಜನರ ಮನಸ್ಸಿನಲ್ಲಿ ಸಿಡುಬು ರೋಗವಲ್ಲ, ಅಮ್ಮ. ಕನ್ನಡದವರಿಗೆ ಮಾರಮ್ಮ, ತಮಿಳರಿಗೆ ಮಾರಿಯಮ್ಮ. ಮನೆಗೆ ಬಂದ ಅಮ್ಮನನ್ನು ಬೇವಿನ ಸೊಪ್ಪು ಕಟ್ಟಿ ತಣಿಸಿ ಕಳಿಸಬೇಕೇ ಹೊರತು ಸೂಜಿ ಹಿಡಿದು ತಡೆಯುವುದೆಂದರೇನು? ಅದರ ಮೇಲೆ ಯಾವ ಜಾತಿಯವನ ತೋಳಿನ ರಸ ಯಾರ ತೋಳಿಗೆ ಎಂಬ ಪ್ರಶ್ನೆ ಬೇರೆ. ಇಂಥ ಕಡೆ ದುಬ್ವಾ ಹಳ್ಳಿ ಹಳ್ಳಿ ತಿರುಗಿ ಜನರನ್ನು ಒಪ್ಪಿಸಿದರು. 1803-04ರಲ್ಲಿ ಅವರ ಕಡೆಯಿಂದ ಲಸಿಕೆ ಹಾಕಿಸಿಕೊಂಡು ದಾಖಲಾದವರ ಸಂಖ್ಯೆ 25,432. ಪರದೇಶದ ಒಬ್ಬ ಪಾದ್ರಿಯ ಮಾತಿಗೆ ಇಷ್ಟು ಮಂದಿ ತೋಳು ಚಾಚಿದರು ಎಂದರೆ ದೊಡ್ಡಸ್ವಾಮಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆದರೆ ಜಗತ್ತು ದುಬ್ವಾ ಅವರನ್ನು ನೆನೆಯುವುದು ಲಸಿಕೆಗಾಗಿ ಅಲ್ಲ, ಒಂದು ಪುಸ್ತಕಕ್ಕಾಗಿ.

ಹಿಂದೂಗಳ ಜಾತಿ, ಮದುವೆ, ಸಾವು, ಶ್ರಾದ್ಧ, ಮಡಿ, ವ್ರತ, ಗುರುಮಠ, ಬಲಗೈ ಎಡಗೈ ಪಣದವರ ಜಗಳ ಇವೆಲ್ಲವನ್ನೂ ವಿವರಿಸುವ ದೊಡ್ಡ ಹಸ್ತಪ್ರತಿಯೊಂದನ್ನು ಅವರು ಫ್ರೆಂಚಿನಲ್ಲಿ ಸಿದ್ಧಪಡಿಸಿದ್ದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ನೋಡಿ ಮದರಾಸಿಗೆ ಶಿಫಾರಸು ಮಾಡಿದರು. ಗವರ್ನರ್ ವಿಲಿಯಂ ಬೆಂಟಿಂಕ್ ಮೆಚ್ಚಿದರು. 1807ರಲ್ಲಿ ಕಂಪನಿ ಸರಕಾರ ಅದನ್ನು 2,000 ವರಹಕ್ಕೆ ಕೊಂಡಿತು. ಆಗಿನ ದರದಲ್ಲಿ ಸುಮಾರು 7,000 ರೂಪಾಯಿ. ಆಳುವವರಿಗೆ ಆಳಿಸಿಕೊಳ್ಳುವವರ ಮನೆಯೊಳಗಿನ ವಿಚಾರ ತಿಳಿಯಬೇಕಿತ್ತು, ಅದಕ್ಕೆ ಈ ಬೆಲೆ. ತಮಾಷೆ ನೋಡಿ, ನೆಪೋಲಿಯನ್ ಜೊತೆ ಹೋರಾಡುತ್ತಿದ್ದ ಇಂಗ್ಲಿಷರು ಒಬ್ಬ ಫ್ರೆಂಚನ ಬರವಣಿಗೆಯನ್ನು ದುಡ್ಡು ಕೊಟ್ಟು ಕೊಂಡು ತಮ್ಮ ಅಧಿಕಾರಿಗಳಿಗೆ ಪಾಠದಂತೆ ಇಟ್ಟುಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಬಂತು. ಫ್ರೆಂಚಿನಲ್ಲಿ ಬರೆದ ಪುಸ್ತಕ ಫ್ರೆಂಚಿನಲ್ಲಿ ಅಚ್ಚಾದದ್ದು ಮತ್ತೆ ಒಂಬತ್ತು ವರ್ಷ ಕಳೆದು, 1825ರಲ್ಲಿ.

ಪುಸ್ತಕದ ಗುಣ ದೋಷ ಎರಡೂ ದೊಡ್ಡವು. ವಿವರಗಳ ರಾಶಿ ಅಷ್ಟಿಷ್ಟಲ್ಲ. ಆದರೆ ಬ್ರಾಹ್ಮಣರ ಮೇಲೆ ಸಿಟ್ಟು, ದೇವರುಗಳ ಬಗ್ಗೆ ತಿರಸ್ಕಾರ, ತಳಜಾತಿಯವರ ಬಗ್ಗೆ ಕನಿಕರವಿಲ್ಲದ ಮಾತು ಧಾರಾಳವಾಗಿವೆ. ಜಾತಿ ಪದ್ಧತಿಯೇ ಈ ದೇಶವನ್ನು ಕಾಡುತನದಿಂದ ಕಾಪಾಡಿತು ಎಂದು ಹೊಗಳಿದವರೂ ಇವರೇ. ಕ್ರಾಂತಿಯಲ್ಲಿ ಮೇಲು ಕೀಳು ಎಲ್ಲ ಕಲಸಿಹೋದ ದೇಶ ಬಿಟ್ಟು ಬಂದವರಿಗೆ ಜಾತಿ ಒಂದು ಭದ್ರ ಕೋಟೆಯಂತೆ ಕಂಡಿದ್ದರೆ ಅಚ್ಚರಿಯಿಲ್ಲ. ಕೋಟೆಯ ಹೊರಗೆ ನಿಂತವರಿಗೆ ಹೇಗೆ ಕಂಡಿತು ಎಂದು ಅವರು ಕೇಳಿಕೊಳ್ಳಲಿಲ್ಲ.

ಭಾರತದಲ್ಲಿ ಮೂವತ್ತು ವರ್ಷ ಕಳೆದ ಮೇಲೆ, 1823ರ ಜನವರಿಯಲ್ಲಿ, ದುಬ್ವಾ ಊರಿಗೆ ಹೊರಟರು. ಹಡಗಿನ ಖರ್ಚು, ಪಿಂಚಣಿ ಕಂಪನಿಯದು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂದು ಗದ್ದಲವೆದ್ದಿತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಹೋಗದ ಕೆಲಸ, ಬೈಬಲನ್ನು ಇಲ್ಲಿನ ಭಾಷೆಗಳಿಗೆ ಅನುವಾದಿಸಿ ಹಂಚಿದರೂ ಪ್ರಯೋಜನವಿಲ್ಲ ಎಂದು ಅವರು ವಾದಿಸಿದ್ದರು. ಇಡೀ ಯೌವನವನ್ನು ಅದೇ ಕೆಲಸಕ್ಕೆ ಕೊಟ್ಟ ಮಿಷನರಿಯೇ ಹೀಗೆ ಹೇಳಿದರೆ? ಜೇಮ್ಸ್ ಹೌ ಮೊದಲಾದ ಪ್ರಾಟೆಸ್ಟಂಟ್ ಪಾದ್ರಿಗಳು ಸಿಟ್ಟಿನಿಂದ ಉತ್ತರ ಬರೆದರು. ದುಬ್ವಾ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಪ್ಯಾರಿಸ್ಸಿನಲ್ಲಿ ಅವರು ಮಾಡಿದ ಒಂದು ಕೆಲಸ ಗಡಿನಾಡಿನ ಓದುಗರಿಗೆ ಹತ್ತಿರವಾದದ್ದು. 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಮೂಲಕ್ಕೆ ಸಂಸ್ಕೃತದ ಕಡೆ ಹೋಗಲಿಲ್ಲ. ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ, ಹೀಗೆ ಮೂರು ಪ್ರತಿಗಳನ್ನು ಮುಂದಿಟ್ಟುಕೊಂಡು ಆರಿಸಿ ಕಥೆ ಹೇಳಿದರು. ಜೊತೆಗೆ ಪರಮಾರ್ಥ ಗುರುವಿನ ಪೆದ್ದ ಶಿಷ್ಯರ ಕಥೆಯನ್ನೂ ಸೇರಿಸಿದರು. ಸಂಸ್ಕೃತ ಪಂಡಿತರ ಮುಂದೆ ನಮ್ಮ ಆಡುಭಾಷೆಗಳ ಕಥೆ ಪ್ಯಾರಿಸ್ ತಲುಪಿದ್ದು ಹೀಗೆ. ಇದನ್ನು ನೆನೆಯುವವರು ಕಡಿಮೆ.

1836ರಿಂದ 1839ರವರೆಗೆ ತಮ್ಮ ಮಿಷನ್ ಸಂಘದ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ದುಬ್ವಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಒಂದು ವಾರ ಕಳೆಯುವುದರೊಳಗೆ ಪ್ಯಾರಿಸ್ ಬೀದಿಗಳಲ್ಲಿ ಮತ್ತೆ ಕ್ರಾಂತಿ. ಫ್ರಾನ್ಸ್‌ನ ಕೊನೆಯ ದೊರೆ ಸಿಂಹಾಸನ ಬಿಟ್ಟು ಓಡಿದ.

ಅವರು ಹೋದ ಮೇಲೆ ಪುಸ್ತಕದ ಅದೃಷ್ಟ ಇನ್ನೂ ಬೆಳೆಯಿತು. ಅವರು ತಿದ್ದಿ ಬೆಳೆಸಿ ಕೊಟ್ಟಿದ್ದ ಪ್ರತಿ ಮದರಾಸಿನ ಸರಕಾರಿ ಕಡತಗಳಲ್ಲೇ ಕುಳಿತಿತ್ತು. ಮದರಾಸಿನ ಹೆನ್ರಿ ಬೀಚಮ್ ಅದನ್ನು ಇಂಗ್ಲಿಷಿಗೆ ತಂದರು. 1897ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ, ಮ್ಯಾಕ್ಸ್ ಮುಲ್ಲರ್ ಅವರ ಮುನ್ನುಡಿಯೊಂದಿಗೆ ಹೊರಬಂತು. ಆಮೇಲೆ ಕೇಳಬೇಕೇ? ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಭಾರತದ ಬಗ್ಗೆ ಮಾತು ಬಂದರೆ ದುಬ್ವಾ ಹೆಸರು ಬರಲೇಬೇಕು. ಕಣ್ಣಾರೆ ಕಂಡು ಬರೆದವರು ಎಂಬುದೇ ಅವರ ಬಲ.

ಆ ಬಲಕ್ಕೆ ಪೆಟ್ಟು ಬಿದ್ದದ್ದು 1987ರಲ್ಲಿ. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಹಳೆಯ ಹಸ್ತಪ್ರತಿಯೊಂದನ್ನು ಸಾಲು ಸಾಲಾಗಿ ಹೋಲಿಸಿ ಎರಡು ಸಂಪುಟ ಪ್ರಕಟಿಸಿದರು. ದುಬ್ವಾ ಪುಸ್ತಕದ ಬಹುಭಾಗ ಅವರದಲ್ಲ, ಗಾಸ್ತೋಂ ಲೋರಾಂ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯದು ಎಂದು ಅದರಲ್ಲಿ ತೋರಿಸಿದರು.

ಯಾರು ಈ ಕೂರ್ದೂ? ದುಬ್ವಾ ಬರುವುದಕ್ಕೆ ಅರವತ್ತು ವರ್ಷ ಮೊದಲೇ, 1732ರಲ್ಲಿ, ಭಾರತಕ್ಕೆ ಬಂದು ತೆಲುಗು ಸೀಮೆಯಲ್ಲಿ ಪಳಗಿ, 1779ರಲ್ಲಿ ಪುದುಚೇರಿಯಲ್ಲಿ ಸತ್ತವರು. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳು ಒಂದೇ ಬೇರಿನವು ಎಂಬ ಮಾತಿಗೆ ಎಲ್ಲರೂ ಹೇಳುವ ಹೆಸರು ವಿಲಿಯಂ ಜೋನ್ಸ್, 1786. ಆದರೆ ಕೂರ್ದೂ ಅದಕ್ಕೂ ಹತ್ತೊಂಬತ್ತು ವರ್ಷ ಮೊದಲೇ, 1767ರಲ್ಲಿ, ಪ್ಯಾರಿಸ್ಸಿನ ವಿದ್ವತ್ ಅಕಾಡೆಮಿಗೆ ಇದನ್ನೇ ಬರೆದು ಕಳಿಸಿದ್ದರು. ದಾನಂ ಎಂಬುದು ಲ್ಯಾಟಿನ್ನಿನಲ್ಲಿ ದೋನುಂ, ವಿಧವೆ ಎಂಬುದು ವಿದುವ. ಇಷ್ಟೊಂದು ಮಾತು ಹೇಗೆ ಹೊಂದುತ್ತವೆ ಎಂದು ಕೇಳಿದ್ದರು. ಅಕಾಡೆಮಿಯವರು ಅದನ್ನು ಅಚ್ಚು ಹಾಕಿದ್ದು 1808ರಲ್ಲಿ. ಅಷ್ಟರಲ್ಲಿ ಕೀರ್ತಿ ಜೋನ್ಸ್ ಪಾಲಾಗಿತ್ತು.

ಅವರ ಬರಹ ದುಬ್ವಾ ಕೈಗೆ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು. ಅವರ ಪುದುಚೇರಿ ಮಿಷನ್ ಪ್ಯಾರಿಸ್ ಸಂಘಕ್ಕೆ, ಅಂದರೆ ಮುಂದೆ ದುಬ್ವಾ ಸೇರಿದ ಸಂಘಕ್ಕೆ ವರ್ಗವಾಯಿತು. ದೆವೊ ಎಂಬ ಫ್ರೆಂಚ್ ಸೇನಾಧಿಕಾರಿ 1777ರಲ್ಲೇ ಕೂರ್ದೂ ಬರಹವನ್ನು ಬೇರೆ ರೂಪದಲ್ಲಿ ತಯಾರಿಸಿಕೊಂಡಿದ್ದ. ಆ ಪ್ರತಿ ಉಳಿದದ್ದರಿಂದಲೇ ಮ್ಯೂರ್ ಅವರಿಗೆ ಗುಟ್ಟು ಸಿಕ್ಕಿದ್ದು.

ಹಳೆಯ ಕಾಲದಲ್ಲಿ ಪಾದ್ರಿಗಳು ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ನಕಲು ಮಾಡುವುದು ಸಾಮಾನ್ಯವಾಗಿತ್ತು ಎಂದು ದುಬ್ವಾ ಪರವಾಗಿ ಹೇಳಬಹುದು. ಅವರು ಸೇರಿಸಿದ ಭಾಗಗಳೂ ಇವೆ, ತಮ್ಮ ಕಾಲಕ್ಕೆ ತಕ್ಕಂತೆ ತಿದ್ದಿದ್ದೂ ಇದೆ. ಆದರೆ 2,000 ವರಹ ಎಣಿಸಿಕೊಳ್ಳುವಾಗ ಕೂರ್ದೂ ಹೆಸರು ಒಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಇದರಿಂದ ಇನ್ನೊಂದು ತೊಡಕೂ ಇದೆ. 1800ರ ಕೊಂಗು, ಮೈಸೂರು ಹಳ್ಳಿಗಳ ಚಿತ್ರ ಎಂದು ಓದುಗರು ನಂಬಿದ್ದರಲ್ಲಿ ಎಷ್ಟೋ ಭಾಗ ಅದಕ್ಕಿಂತ ನಲವತ್ತು ಐವತ್ತು ವರ್ಷ ಹಿಂದಿನ ತೆಲುಗು ಸೀಮೆಯದು. ಹಳೆಯ ಆಚಾರವೊಂದಕ್ಕೆ ಸಾಕ್ಷಿಯಾಗಿ ಈ ಪುಸ್ತಕದ ಪುಟ ತೋರಿಸುವ ಮೊದಲು ಯಾವ ಊರು, ಯಾವ ಕಾಲ ಎಂದು ವಿಚಾರಿಸಬೇಕಾಗುತ್ತದೆ.

ಸಾತಳ್ಳಿಯ ಒಕ್ಕಲು, 25,432 ತೋಳುಗಳ ಲೆಕ್ಕ, ಮೂರು ಭಾಷೆಯ ಪಂಚತಂತ್ರ ಇವು ಮಾತ್ರ ದುಬ್ವಾ ಅವರವೇ. ಬೀಚಮ್ ಅನುವಾದದ ಮರುಮುದ್ರಣಗಳು ಇಂದಿಗೂ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳ ಮೇಲೆ ಲೇಖಕರೆಂದು ಇರುವುದು ದುಬ್ವಾ ಹೆಸರೊಂದೇ.