ಶ್ರೀ ಮಧ್ವಾಚಾರ್ಯರು ಮತ್ತು ವೇದಾರ್ಥ ನಿರ್ಣಯ

ದ್ವೈತ ವೇದಾಂತದ ಪ್ರವರ್ತಕರಾದ ಶ್ರೀ ಮಧ್ವಾಚಾರ್ಯರು ಉಡುಪಿ ಸಮೀಪದ ಪಾಜಕ ಕ್ಷೇತ್ರದಲ್ಲಿ ಜನಿಸಿದರು. ತಂದೆ ಮಧ್ಯಗೇಹ ಭಟ್ಟರು, ತಾಯಿ ವೇದವತಿ. ಬಾಲ್ಯದ ಹೆಸರು ವಾಸುದೇವ. ಇವರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 1238ರಿಂದ 1317 ಎಂದು ಪರಿಗಣಿಸಲಾಗಿದೆ. ಜನನ ವರ್ಷವನ್ನು 1199 ಎಂದು ಹೇಳುವುದೂ ಉಂಟು. ಆದರೆ ಶಿಷ್ಯ ನರಹರಿತೀರ್ಥರ 1281ರ ಶ್ರೀಕೂರ್ಮಂ ಶಾಸನಕ್ಕೆ ಮೊದಲಿನ ಗಣನೆಯೇ ಹೆಚ್ಚು ಹೊಂದುತ್ತದೆ.

ಎಳೆಯ ವಯಸ್ಸಿನಲ್ಲಿಯೇ ಅಚ್ಯುತಪ್ರೇಕ್ಷರಿಂದ ಸನ್ಯಾಸ ಸ್ವೀಕರಿಸಿದರು. ಗುರುಗಳು ಇಷ್ಟಸಿದ್ಧಿಯೆಂಬ ಅದ್ವೈತ ಗ್ರಂಥದ ಪಾಠವನ್ನು ತೊಡಗಿದಾಗ, ಶಿಷ್ಯರು ಅದರ ಆರಂಭದಲ್ಲಿಯೇ 32 ದೋಷಗಳನ್ನು ತೋರಿಸಿದರೆಂದು ಸುಮಧ್ವವಿಜಯವು ತಿಳಿಸುತ್ತದೆ. ಪಾಠ ಹೇಳಿದ ಗುರುಗಳ ಮತವನ್ನೇ ನಿರಾಕರಿಸುವುದು ಸುಲಭದ ಮಾತಾಗಿರಲಿಲ್ಲ. ಮುಂದೆ ಗುರುಗಳೇ ಶಿಷ್ಯರ ಸಿದ್ಧಾಂತವನ್ನು ಒಪ್ಪಿಕೊಂಡರು.

ವೇದವು ಯಾರಿಂದಲೂ ರಚಿತವಾದುದಲ್ಲ, ಆದುದರಿಂದ ನಿರ್ದೋಷವಾದುದು ಎಂಬುದನ್ನು ಆಚಾರ್ಯರು ಒಪ್ಪಿದ್ದರು. ಆದರೆ ಜೀವ, ಜಗತ್ತು, ಈಶ್ವರ ಬೇರೆ ಬೇರೆ ಎಂಬ ಅನುಭವವು ದೃಢವಾಗಿರುವಾಗ, ಅದಕ್ಕೆ ವಿರುದ್ಧವಾದ ಅರ್ಥವನ್ನು ವೇದವಾಕ್ಯಕ್ಕೆ ಹೇಳಲಾಗದು ಎಂಬುದು ಇವರ ನಿಲುವು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಒಂಬತ್ತು ಬಾರಿ ಹೇಳುವ ಉಪದೇಶ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದ್ವೈತಿಗಳು ಅದರಲ್ಲಿ ಜೀವಬ್ರಹ್ಮರ ಐಕ್ಯವನ್ನು ಕಂಡರು. ಹಿಂದಿನ ಪದದ ಕೊನೆಯ ದೀರ್ಘಸ್ವರದಲ್ಲಿ ನಿಷೇಧಾರ್ಥದ ಅಕಾರವು ಸವರ್ಣದೀರ್ಘ ಸಂಧಿಯಿಂದ ಅಡಗಿದೆಯೆಂದು ಆಚಾರ್ಯರು ಬಿಡಿಸಿದರು. ಆಗ ವಾಕ್ಯವು ಭೇದವನ್ನೇ ಹೇಳುತ್ತದೆ. ವ್ಯಾಕರಣಕ್ಕೆ ಇದು ಸಮ್ಮತವಾದರೂ, ಬರಿಯ ವ್ಯಾಕರಣದ ಮೇಲೆ ಅವರು ನಿಲ್ಲಲಿಲ್ಲ. ದಾರಕ್ಕೆ ಕಟ್ಟಿದ ಹಕ್ಕಿ ದಾರವಲ್ಲ, ಕಳ್ಳನು ಕದ್ದ ವಸ್ತುವಲ್ಲ. ಉಪನಿಷತ್ತು ಅಲ್ಲಿ ಕೊಡುವ ದೃಷ್ಟಾಂತಗಳೇ ಭೇದದ ಪರವಾಗಿವೆ ಎಂದು ವಾದಿಸಿದರು. ಪದವಿಭಾಗವು ಬಲವಂತದ್ದೆಂದು ಎದುರಾಳಿಗಳು ಆಕ್ಷೇಪಿಸಿದರು. ಪದವನ್ನು ಹಾಗೆ ಬಿಡಿಸದೆಯೂ ಭೇದಾರ್ಥ ಬರುವುದನ್ನು ಅನುಯಾಯಿಗಳು ಮುಂದೆ ತೋರಿಸಿದರು.

ಋಗ್ವೇದದ ಮೊದಲ 40 ಸೂಕ್ತಗಳಿಗೆ ಬರೆದ ಭಾಷ್ಯದಲ್ಲಿ, ಅಗ್ನಿ ಮೊದಲಾದ ದೇವತೆಗಳಿಗೆ ಸಲ್ಲುವ ಅರ್ಥದೊಂದಿಗೆ ವಿಷ್ಣುಪರವಾದ ಅರ್ಥವನ್ನೂ ಅಧ್ಯಾತ್ಮದ ಅರ್ಥವನ್ನೂ ಹೇಳಿದ್ದಾರೆ.

ಆಚಾರ್ಯರು ಎರಡು ಬಾರಿ ಬದರಿಗೆ ಹೋಗಿ ಬಂದರು. ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಯನ್ನು ಎಂಟು ಮಂದಿ ಯತಿಶಿಷ್ಯರಿಗೆ ವಹಿಸಿದರು.

ಇವರು ಉದಾಹರಿಸಿದ ಅನೇಕ ಗ್ರಂಥಗಳು ಬೇರೆಲ್ಲಿಯೂ ದೊರೆಯುವುದಿಲ್ಲವೆಂದು 16ನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಆಕ್ಷೇಪಿಸಿದರು. ಆ ಗ್ರಂಥಗಳು ಕಾಲಾಂತರದಲ್ಲಿ ನಷ್ಟವಾದವೆಂಬುದು ದ್ವೈತಿಗಳ ಉತ್ತರ. ವಿದ್ವಾಂಸರಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ.

ಆಚಾರ್ಯರ 37 ಕೃತಿಗಳು ಒಟ್ಟಾಗಿ ಸರ್ವಮೂಲವೆನಿಸಿವೆ. ಶಿಷ್ಯ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಬರೆದರೆನ್ನಲಾದ ಇವುಗಳ ತಾಳೆಗರಿ ಪ್ರತಿ ಪಲಿಮಾರು ಮಠದ ಪರಂಪರೆಯಲ್ಲಿ ಉಳಿದುಬಂದಿದ್ದು, ವಿದ್ವಾನ್ ಬನ್ನಂಜೆ ಗೋವಿಂದಾಚಾರ್ಯರು ಅದರ ಆಧಾರದಿಂದ ಸರ್ವಮೂಲವನ್ನು ಸಂಪಾದಿಸಿದರು.